ಸೊಂಟದ ಸಂಚಿ, ಮನೆಯ ಪೆಟ್ಟಿಗೆ

ತುಮಕೂರಿನ ಹೊಸ ಬಡಾವಣೆ ಪೊಲೀಸ್ ಠಾಣೆಗೆ ಕಳವಿನ ದೂರುಗಳೇನೂ ಹೊಸತಲ್ಲ. ಆದರೆ 2017ರಲ್ಲಿ ಅಲ್ಲಿ ದಾಖಲಾದ ಒಂದು ದೂರಿನಲ್ಲಿ ಮುರಿದ ಬೀಗವಿರಲಿಲ್ಲ, ಒಡೆದ ಬೀರುವಿರಲಿಲ್ಲ. ಯುನೊಕಾಯಿನ್ ಕಂಪನಿಗೆ ಸೇರಿದ 60.6 ಬಿಟ್‌ಕಾಯಿನ್ ಕಾಣೆಯಾಗಿದ್ದವು. ಬೆಲೆ, ಅಂದಿನ ಲೆಕ್ಕದಲ್ಲಿ 1.14 ಕೋಟಿ ರೂಪಾಯಿ. ಏಳು ವರ್ಷ ಕಳೆದು, 2024ರ ಮೇ ತಿಂಗಳಲ್ಲಿ ಸಿಐಡಿಯ ವಿಶೇಷ ತನಿಖಾ ತಂಡ ಇದೇ ಪ್ರಕರಣದಲ್ಲಿ ಹ್ಯಾಕಿಂಗ್ ಆರೋಪ ಹೊತ್ತ ಶ್ರೀಕೃಷ್ಣ ಉರುಫ್ ಶ್ರೀಕಿಯನ್ನು ಬಂಧಿಸಿತು. ಆರೋಪ ನಿಜವೋ ಅಲ್ಲವೋ ನ್ಯಾಯಾಲಯ ಹೇಳಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಬೆಲೆ ಮೊದಲ ಬಾರಿಗೆ ಒಂದು ಲಕ್ಷ ಡಾಲರ್ ದಾಟಿತು. ಆ ದರ ಹಿಡಿದರೆ ಕಳುವಾದ ನಾಣ್ಯಗಳ ಬೆಲೆ 50 ಕೋಟಿ ರೂಪಾಯಿಗೂ ಮೇಲೆ.

ಬಿಟ್‌ಕಾಯಿನ್ ಅಂದರೆ ಬೆಂಗಳೂರಿನ ಕೋರಮಂಗಲದಲ್ಲೋ ಮುಂಬೈಯಲ್ಲೋ ನಡೆಯುವ ವ್ಯವಹಾರ ಎಂದುಕೊಂಡವರೇ ಹೆಚ್ಚು. ಆದರೆ ದೇಶದ ಮೊದಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ಹುಟ್ಟಿದ್ದು ತುಮಕೂರಿನಲ್ಲೇ. ಸಾತ್ವಿಕ್ ವಿಶ್ವನಾಥ್, ಬಿ.ವಿ. ಹರೀಶ್ ಮತ್ತು ಜೊತೆಗಾರರು ಅದನ್ನು ಕಟ್ಟಿದರು. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್‌ನ ಮೂಲ ಪ್ರಬಂಧ ಹೊರಬಂದದ್ದು 2008ರ ಅಕ್ಟೋಬರ್ 31ರಂದು. ಐದೇ ವರ್ಷದಲ್ಲಿ ಆ ವಿಚಾರ ಕಲ್ಪತರು ನಾಡಿಗೆ ಬಂದು ಬೇರು ಬಿಟ್ಟಿತ್ತು ಎಂಬುದು ಜಿಲ್ಲೆ ಹೆಮ್ಮೆಪಡಬೇಕಾದ ಸಂಗತಿ.

ಆ ಹೆಮ್ಮೆಯ ಜೊತೆಗೇ ಪೆಟ್ಟುಗಳೂ ಬಂದವು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಇಂಥ ಕಂಪನಿಗಳೊಂದಿಗಿನ ನಂಟನ್ನು ಮೂರು ತಿಂಗಳೊಳಗೆ ಕಡಿದುಕೊಳ್ಳುವಂತೆ ಬ್ಯಾಂಕುಗಳಿಗೆ ಹೇಳಿತು. ಆ ಅಕ್ಟೋಬರ್‌ನಲ್ಲಿ ಯುನೊಕಾಯಿನ್ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಹಾಕುವ, ತೆಗೆಯುವ ಯಂತ್ರವೊಂದನ್ನು ನಿಲ್ಲಿಸಿತು. ಪೊಲೀಸರು ಯಂತ್ರವನ್ನು ಜಪ್ತಿ ಮಾಡಿ ಇಬ್ಬರು ಸ್ಥಾಪಕರನ್ನೂ ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ಬ್ಯಾಂಕಿನ ಬಾಗಿಲು ಮುಚ್ಚಿದ್ದ ಆ ಎರಡು ವರ್ಷಗಳಲ್ಲೇ ಭಾರತದ ಬಹಳ ಜನ ಮತ್ತೊಂದು ದಾರಿ ಕಲಿತರು. ಕಂಪನಿಯನ್ನು ನಡುವೆ ಇಟ್ಟುಕೊಳ್ಳದೆ, ಮಾರುವವನೂ ಕೊಳ್ಳುವವನೂ ನೇರವಾಗಿ ವ್ಯವಹರಿಸುವ ಪೀರ್-ಟು-ಪೀರ್ ದಾರಿ ಅದು.

ಈ ದಾರಿ ಕೆಟ್ಟದ್ದೇನಲ್ಲ, ಅದಕ್ಕೆ ಕಾನೂನಿನ ನಿಷೇಧವೂ ಇಲ್ಲ. ಆದರೆ ವ್ಯಾಲೆಟ್ ಎಂದರೇನೆಂದು ಸರಿಯಾಗಿ ತಿಳಿಯದೆ ಅದರಲ್ಲಿ ಕಾಲಿಡುವುದು ಅಪಾಯ. ತಿಳಿಸಿಕೊಡುವ ಹೊಣೆಯನ್ನು ಕಾಲೇಜು, ಪೊಲೀಸ್, ಬ್ಯಾಂಕು ಯಾರೂ ಹೊರದಿರುವುದು ಅದಕ್ಕಿಂತ ದೊಡ್ಡ ತಪ್ಪು.

ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. 2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಇನ್ನೊಂದು ಪ್ರಕರಣದಲ್ಲಿ ಇದೇ ಶ್ರೀಕಿಯಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ, ಅವುಗಳ ಬೆಲೆ ಸುಮಾರು 9 ಕೋಟಿ ರೂಪಾಯಿ ಎಂದು ಪ್ರಕಟಿಸಿದರು. ಈ ಪ್ರಕರಣದಿಂದ ರಾಜ್ಯದ ರಾಜಕೀಯವೇ ಬಿಸಿಯಾದ ಆ ವರ್ಷದ ನವೆಂಬರ್‌ನಲ್ಲಿ ಪೊಲೀಸರು ಕೊಟ್ಟ ವಿವರಣೆ ಬೇರೆಯಾಗಿತ್ತು. ಆರೋಪಿ ತನ್ನದೆಂದು ತೋರಿಸಿದ ವ್ಯಾಲೆಟ್ ನಾಣ್ಯ ಕೊಂಡು ಮಾರಲು ಅನುವು ಮಾಡುವ ಕಂಪನಿಯ, ಅಂದರೆ ಒಂದು ವಿನಿಮಯ ಕೇಂದ್ರದ ಚಾಲ್ತಿ ವ್ಯಾಲೆಟ್, ಅದರ ಖಾಸಗಿ ಕೀಲಿ ಅವನ ಬಳಿ ಇರಲಿಲ್ಲ ಎಂದು ತಜ್ಞರು ತಿಳಿಸಿದ್ದಾಗಿ ಅವರು ಹೇಳಿದರು. ಪರದೆಯ ಮೇಲೆ ಮೊತ್ತ ಕಂಡಿತ್ತು, ಕೈಗೆ ಏನೂ ಬರಲಿಲ್ಲ.

ಬಿಟ್‌ಕಾಯಿನ್ ಲೆಕ್ಕದ ಪುಸ್ತಕ ಜಗತ್ತಿಗೆಲ್ಲ ತೆರೆದದ್ದು. ಯಾವ ವಿಳಾಸದಲ್ಲಿ ಎಷ್ಟಿದೆ ಎಂದು ಗುಬ್ಬಿಯಲ್ಲಿ ಕುಳಿತವರೂ ನೋಡಬಹುದು, ಕುಣಿಗಲ್‌ನಲ್ಲಿ ಕುಳಿತವರೂ ನೋಡಬಹುದು. ಅದನ್ನು ಖರ್ಚು ಮಾಡಲು ಮಾತ್ರ ಆ ವಿಳಾಸದ ಖಾಸಗಿ ಕೀಲಿ ಬೇಕು. ವ್ಯಾಲೆಟ್ಟಿನೊಳಗೆ ನಾಣ್ಯ ಇರುವುದೇ ಇಲ್ಲ, ಕೀಲಿಗಳಿರುತ್ತವೆ. ಹತ್ತಾರು ವರ್ಷ ಅನುಭವವಿದ್ದ ತನಿಖಾ ಅಧಿಕಾರಿಗಳೇ ಎಡವಿದ ಕಡೆ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡ ಡಿಪ್ಲೊಮಾ ಹುಡುಗ ಎಡವಿದರೆ ಅವನನ್ನು ಬೈದು ಪ್ರಯೋಜನವಿಲ್ಲ.

ವಿನಿಮಯ ಕೇಂದ್ರದಲ್ಲಿ ಖಾತೆ ತೆರೆದವರಿಗೆ ಈ ಕೀಲಿ ಸಿಗುವುದಿಲ್ಲ, ಅದು ಕಂಪನಿಯ ಬಳಿ ಇರುತ್ತದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದ ಒಂದು ವ್ಯಾಲೆಟ್ಟಿನಿಂದ ಸುಮಾರು 23 ಕೋಟಿ ಡಾಲರ್, ಅಂದರೆ 1,900 ಕೋಟಿ ರೂಪಾಯಿಗೂ ಹೆಚ್ಚು ಕಳುವಾಯಿತು. ಹಲವು ಸಹಿಗಳಿಲ್ಲದೆ ತೆರೆಯದ ವ್ಯಾಲೆಟ್ ಅದಾಗಿತ್ತು. ಕಳ್ಳತನದಲ್ಲಿ ಪಾಲಿಲ್ಲದ ಲಕ್ಷಾಂತರ ಗ್ರಾಹಕರು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮದನ್ನು ತೆಗೆದುಕೊಳ್ಳಲಾಗದೆ ಕಾದರು. ಮರುವರ್ಷದ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಮತ್ತೊಂದು ಕೇಂದ್ರದಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅಲ್ಲಿ ಗ್ರಾಹಕರ ಹಣ ಉಳಿದು, ನಷ್ಟವನ್ನು ಕಂಪನಿ ಹೊತ್ತಿತು.

ಕೀಲಿ ತನ್ನಲ್ಲೇ ಇರಲಿ, ಮಾರಾಟವೂ ನೇರವಾಗಿ ನಡೆಯಲಿ ಎಂಬವರಿಗಾಗಿ ಬಂದ ತಂತ್ರಾಂಶಗಳಲ್ಲಿ ಬಿಸ್ಕ್ ಹೆಸರುವಾಸಿ. 2016ರಲ್ಲಿ ಬಿಟ್‌ಸ್ಕ್ವೇರ್ ಎಂಬ ಹೆಸರಿನಿಂದ ಶುರುವಾಯಿತು. ಅದಕ್ಕೊಂದು ಕಚೇರಿಯಿಲ್ಲ, ಗ್ರಾಹಕರ ಹಣ ಇಟ್ಟುಕೊಳ್ಳುವ ಕಂಪನಿಯೂ ಇಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡರೆ ಅದು ಗುರುತು ಮರೆಸುವ ಟಾರ್ ಜಾಲದ ಮೂಲಕ ಜಗತ್ತಿನ ಇತರ ಬಳಕೆದಾರರ ಕಂಪ್ಯೂಟರ್‌ಗಳ ಜೊತೆ ಮಾತಾಡುತ್ತದೆ. ನಮ್ಮ ಯುಪಿಐ, ಐಎಂಪಿಎಸ್, ಎನ್‌ಇಎಫ್‌ಟಿಗಳೂ ಅದರ ಪಾವತಿ ಪಟ್ಟಿಯಲ್ಲಿವೆ.

ಅದರ ಒಳಗುಟ್ಟು ತುಮಕೂರು ಸೀಮೆಯವರಿಗೆ ಪೂರ್ತಿ ಹೊಸದೇನಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಕುದುರಿದ ಕೂಡಲೇ ಕೊಳ್ಳುವವನು ಸಂಚಕಾರ ಕೊಡುತ್ತಾನೆ. ಗುಬ್ಬಿಯ ಅಡಿಕೆ ತೋಟಗಳಲ್ಲಿ ಫಸಲು ಮರದಲ್ಲಿರುವಾಗಲೇ ಚೇಣಿದಾರ ಮುಂಗಡ ಕೊಟ್ಟು ತೋಟ ಹಿಡಿಯುತ್ತಾನೆ. ಮಾತು ತಪ್ಪಿದರೆ ಕಳೆದುಕೊಳ್ಳಲು ಏನಾದರೂ ಇರಲಿ ಎಂಬುದೇ ಸಂಚಕಾರದ ಅರ್ಥ. ಬಿಸ್ಕ್‌ನಲ್ಲಿ ಈ ಸಂಚಕಾರವನ್ನು ಕೊಳ್ಳುವವನೂ ಇಡಬೇಕು, ಮಾರುವವನೂ ಇಡಬೇಕು, ಅದೂ ಬಿಟ್‌ಕಾಯಿನ್ ರೂಪದಲ್ಲಿ, ವ್ಯಾಪಾರದ ಮೊತ್ತದ ಶೇ 15ಕ್ಕೆ ಕಡಿಮೆಯಿಲ್ಲದಂತೆ.

ಗುಬ್ಬಿಯ ಒಬ್ಬ ಯುವಕ 40,000 ರೂಪಾಯಿಯ ಬಿಟ್‌ಕಾಯಿನ್ ಕೊಳ್ಳುತ್ತಾನೆ ಎಂದುಕೊಳ್ಳಿ. ಅವನು ಕನಿಷ್ಠ 6,000 ರೂಪಾಯಿ ಬೆಲೆಯ ಬಿಟ್‌ಕಾಯಿನ್ ಸಂಚಕಾರವಾಗಿ ಹಾಕುತ್ತಾನೆ. ಮಾರುವವನು ಮಾರಬೇಕಾದ ನಾಣ್ಯವನ್ನೂ ತನ್ನ ಸಂಚಕಾರವನ್ನೂ ಹಾಕುತ್ತಾನೆ. ಇಬ್ಬರು ಹಾಕಿದ್ದೆಲ್ಲ ಸೇರಿ ಒಂದೇ ವಿಳಾಸಕ್ಕೆ ಹೋಗುತ್ತದೆ. ಆ ವಿಳಾಸಕ್ಕೆ ಎರಡು ಬೀಗ, ಇಬ್ಬರಿಗೂ ಒಂದೊಂದು ಕೀಲಿ. ಒಬ್ಬನೇ ತೆರೆಯಲಾರ. ಯುವಕ ಯುಪಿಐಯಲ್ಲಿ ರೂಪಾಯಿ ಕಳಿಸಿ, ಮಾರಿದವನು ಬಂತೆಂದು ಒಪ್ಪಿದ ಮೇಲೆ ಎರಡು ಸಹಿ ಬಿದ್ದು ನಾಣ್ಯ ಕೊಂಡವನಿಗೆ, ಸಂಚಕಾರ ಅವರವರಿಗೆ ಮರಳುತ್ತದೆ. ತಕರಾರಾದರೆ ಮಧ್ಯಸ್ಥ ಬಂದು ಸಲಹೆ ಕೊಡುತ್ತಾನೆ, ಆದರೆ ಅವನ ಕೈಯಲ್ಲಿ ಕೀಲಿ ಇಲ್ಲ. ಇಬ್ಬರೂ ಒಪ್ಪದೆ ಹಟ ಹಿಡಿದರೆ, ಬ್ಯಾಂಕ್ ಪಾವತಿಯ ವ್ಯಾಪಾರದಲ್ಲಿ ಸುಮಾರು 20 ದಿನಗಳ ಕಾಲಬೀಗ ಕಳೆದ ಮೇಲೆ ಆ ಮೊತ್ತ ಮೊದಲೇ ಗೊತ್ತುಮಾಡಿದ ವಿಳಾಸಕ್ಕೆ ಹೋಗಿ, ನ್ಯಾಯ ಅಲ್ಲಿಂದ ಮುಂದೆ ತೀರ್ಮಾನವಾಗುತ್ತದೆ.

ಈ ಕಾಲಬೀಗದಲ್ಲೇ 2020ರ ಏಪ್ರಿಲ್‌ನಲ್ಲಿ ಕಳ್ಳನೊಬ್ಬ ಬಿರುಕು ಕಂಡುಹಿಡಿದ. ಗೊತ್ತುಮಾಡಿದ ವಿಳಾಸದ ಜಾಗದಲ್ಲಿ ತನ್ನ ವಿಳಾಸ ತುರುಕಿ, ಅವಧಿ ಮುಗಿಯುವವರೆಗೆ ಕಾದು, ಸುಮಾರು 3 ಬಿಟ್‌ಕಾಯಿನ್ ಮತ್ತು ಮೊನೆರೊ ಎಂಬ ಇನ್ನೊಂದು ಡಿಜಿಟಲ್ ನಾಣ್ಯ 4,000 ಹೊಡೆದ. ಒಟ್ಟು ಸುಮಾರು ಎರಡೂವರೆ ಲಕ್ಷ ಡಾಲರ್. ತಂತ್ರಾಂಶ ಬರೆದವರು ಕೂಡಲೇ ವ್ಯಾಪಾರ ನಿಲ್ಲಿಸಿ ದೋಷ ತಿದ್ದಿದರು. ಆ ಕಳ್ಳತನದಲ್ಲಿ ಹೋದದ್ದು ವ್ಯಾಪಾರದ ನಡುವೆ ಸಿಕ್ಕಿಕೊಂಡಿದ್ದ ಹಣ ಮಾತ್ರ. ಬಳಕೆದಾರರ ಸ್ವಂತ ವ್ಯಾಲೆಟ್ಟಿನಲ್ಲಿದ್ದದ್ದು ಅಲ್ಲೇ ಉಳಿಯಿತು. ಸಂತೆಯಲ್ಲಿ ಚಲಾಯಿಸುವ ಹಣ ಬೇರೆ, ಮನೆಯಲ್ಲಿ ಉಳಿಸುವ ಹಣ ಬೇರೆ ಎಂಬ ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಹಿಂದಿನವರು ಸಂತೆಗೆ ಹೋಗುವಾಗ ಸೊಂಟಕ್ಕೆ ಸಂಚಿ ಸಿಕ್ಕಿಸಿಕೊಳ್ಳುತ್ತಿದ್ದರು. ಎಲೆ, ಅಡಿಕೆ, ಸುಣ್ಣದ ಕಾಯಿಯ ಜೊತೆ ಅಂದಿಗೆ ಬೇಕಾದಷ್ಟು ದುಡ್ಡು. ಉಳಿದದ್ದು ಮನೆಯ ಮರದ ಪೆಟ್ಟಿಗೆಯಲ್ಲಿ. ಬಿಸ್ಕ್‌ನೊಳಗೇ ಇರುವ ವ್ಯಾಲೆಟ್ ಅಂಥ ಸಂಚಿ. ಅದರ ಕೀಲಿ ಬಳಕೆದಾರನ ಕಂಪ್ಯೂಟರಿನಲ್ಲೇ ಇರುತ್ತದೆ ಎಂಬುದು ಅದರ ಬಲ. ಆ ಕಂಪ್ಯೂಟರ್ ಅಂತರ್ಜಾಲಕ್ಕೆ ತೆರೆದುಕೊಂಡೇ ಇರಬೇಕು ಎಂಬುದು ಅದರ ದೌರ್ಬಲ್ಯ. ಮನೆಮಂದಿಯೆಲ್ಲ ಸಿನಿಮಾ ನೋಡುವ, ಎಲ್ಲಿಂದಲೋ ಬಂದ ಪೆನ್‌ಡ್ರೈವ್ ಚುಚ್ಚುವ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆಯ ಉಳಿತಾಯ ಇಡುವುದು ಸಂತೆಗೆ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದಂತೆ.

ಹಾಗಾಗಿ ವ್ಯಾಲೆಟ್ ಎರಡಿರಬೇಕು. ಉಳಿತಾಯದ್ದು ಬೇರೆ: ಕೀಲಿಯನ್ನು ಅಂತರ್ಜಾಲದಿಂದ ದೂರ ಇಡುವ ಹಾರ್ಡ್‌ವೇರ್ ವ್ಯಾಲೆಟ್ ಆದರೆ ಉತ್ತಮ, ಇಲ್ಲವಾದರೆ ಬೇರೆ ಯಾವುದಕ್ಕೂ ಬಳಸದ ಒಂದು ಸಾಧನದಲ್ಲಿ. ಅಲ್ಲಿಂದ ಆ ಒಂದು ವ್ಯಾಪಾರಕ್ಕೆ ಬೇಕಾದಷ್ಟನ್ನೇ ಬಿಸ್ಕ್‌ಗೆ ಕಳಿಸುವುದು, ವ್ಯಾಪಾರ ಮುಗಿದ ಕೂಡಲೇ ವಾಪಸ್ ಪೆಟ್ಟಿಗೆಗೆ ಸೇರಿಸುವುದು. ಇಲ್ಲಿ ಕೆಲವು ಸಣ್ಣ ಸಂಗತಿಗಳು ದೊಡ್ಡ ಪೆಟ್ಟು ಕೊಡುತ್ತವೆ. ವಿನಿಮಯ ಕೇಂದ್ರದಿಂದ ನೇರವಾಗಿ ವ್ಯಾಪಾರಕ್ಕೆ ಹಣ ಹಾಕಹೊರಟರೆ ಕಂಪನಿ ತನ್ನ ಶುಲ್ಕ ಮುರಿದುಕೊಂಡು ಕಳಿಸುತ್ತದೆ, ಬೇಕಾದ ಮೊತ್ತಕ್ಕೆ ಚೂರು ಕಡಿಮೆ ಬಿದ್ದು ವ್ಯಾಪಾರ ನಿಲ್ಲುತ್ತದೆ. ವಿಳಾಸವನ್ನು ನಕಲಿಸಿ ಅಂಟಿಸುವಾಗ ನಡುವೆ ಕಳ್ಳನ ವಿಳಾಸ ಸೇರಿಸಿಬಿಡುವ ಕೆಟ್ಟ ತಂತ್ರಾಂಶಗಳಿವೆ. ಮೊದಲ ನಾಲ್ಕೈದು, ಕೊನೆಯ ನಾಲ್ಕೈದು ಅಕ್ಷರಗಳನ್ನು ಕಣ್ಣಿಟ್ಟು ಹೋಲಿಸದೆ ಕಳಿಸಬಾರದು. ಕಳಿಸಿದ್ದನ್ನು ವಾಪಸ್ ತರಿಸಿಕೊಡುವ ಮ್ಯಾನೇಜರ್ ಯಾವ ಶಾಖೆಯಲ್ಲೂ ಇಲ್ಲ.

ಇನ್ನೊಂದು ತಪ್ಪುಗ್ರಹಿಕೆ ಹನ್ನೆರಡು ಪದಗಳದ್ದು. ವ್ಯಾಲೆಟ್ ತೆರೆದಾಗ ಅದು ಹನ್ನೆರಡು ಪದ ಕೊಟ್ಟು ಬರೆದಿಟ್ಟುಕೊಳ್ಳಿ ಎನ್ನುತ್ತದೆ. ಬರೆದಿಟ್ಟವರು ಎಲ್ಲವೂ ಭದ್ರ ಎಂದುಕೊಳ್ಳುತ್ತಾರೆ. ಆದರೆ ಬಿಸ್ಕ್‌ನಲ್ಲಿ ಆ ಪದಗಳಿಂದ ಮರಳುವುದು ವ್ಯಾಲೆಟ್ಟಿನ ನಾಣ್ಯಗಳು ಮಾತ್ರ. ಅರ್ಧದಲ್ಲಿರುವ ವ್ಯಾಪಾರದ ವಿವರ, ಪಾವತಿ ಖಾತೆಗಳು, ಆ ಖಾತೆ ಎಷ್ಟು ಹಳೆಯದೆಂಬ ಗುರುತು, ಇವೆಲ್ಲ ಇರುವುದು ಕಂಪ್ಯೂಟರಿನ ದತ್ತಾಂಶದ ಫೋಲ್ಡರಿನಲ್ಲಿ. ವ್ಯಾಪಾರ ನಡೆಯುತ್ತಿರುವಾಗ ಲ್ಯಾಪ್‌ಟಾಪ್ ಕೆಟ್ಟು, ಅಂಗಡಿಯವನು ಫಾರ್ಮ್ಯಾಟ್ ಮಾಡಿಕೊಟ್ಟರೆ ಎರಡು ಬೀಗದ ಪೆಟ್ಟಿಗೆಯ ಮುಂದೆ ಬರಿಗೈಯಲ್ಲಿ ನಿಂತಂತಾಗುತ್ತದೆ. ಪದಗಳ ಜೊತೆಗೆ ಆ ಫೋಲ್ಡರಿನ ಪ್ರತಿಯೂ ಬೇರೆಡೆ ಇರಲೇಬೇಕು.

ಮೊದಲ ಬಾರಿಗೆ ಕೊಳ್ಳುವವನ ಬಳಿ ಬಿಟ್‌ಕಾಯಿನ್ ಇರುವುದಿಲ್ಲ, ಸಂಚಕಾರ ಎಲ್ಲಿಂದ ತರಬೇಕು? ಈ ತೊಡಕಿಗೆ ಉತ್ತರವಾಗಿ 2024ರಲ್ಲಿ ಬಿಸ್ಕ್‌ನ ಎರಡನೇ ಅವತಾರದಲ್ಲಿ ಬಿಸ್ಕ್ ಈಸಿ ಎಂಬ ಪದ್ಧತಿ ಬಂತು. ಇಲ್ಲಿ ಸಂಚಕಾರವಿಲ್ಲ. ಮಾರುವವನು ಕಟ್ಟಿಕೊಂಡ ಹೆಸರನ್ನು ನಂಬಿ ಕೊಳ್ಳುವವನು ಮೊದಲು ರೂಪಾಯಿ ಕಳಿಸುತ್ತಾನೆ, ಸಣ್ಣ ಮೊತ್ತಕ್ಕೆ ಮಾತ್ರ. ಒಳಗಿನ ವ್ಯಾಲೆಟ್ ಕೂಡ ಇಲ್ಲ. ಕೊಳ್ಳುವವನು ತನ್ನ ಸ್ವಂತ ವ್ಯಾಲೆಟ್ಟಿನ ವಿಳಾಸವನ್ನೇ ಕೊಡಬೇಕು. ಅಂದರೆ ವ್ಯಾಲೆಟ್ ವಿದ್ಯೆಯನ್ನು ಮೊದಲು ಕಲಿತೇ ಬರಬೇಕು.

ತಂತ್ರಾಂಶದ ಬೀಗಗಳು ಎಷ್ಟೇ ಗಟ್ಟಿಯಾಗಿರಲಿ, ಅವು ಕಾಯುವುದು ಬಿಟ್‌ಕಾಯಿನ್ನಿನ ಕಡೆಯನ್ನು. ರೂಪಾಯಿಯ ಕಡೆಯನ್ನು ಕಾಯುವವರು ಯಾರೂ ಇಲ್ಲ. ಭಾರತದಲ್ಲಿ ಪೀರ್-ಟು-ಪೀರ್ ವ್ಯಾಪಾರಿ ನಲುಗುವುದು ಇಲ್ಲೇ. ಯಾರೋ ವಂಚಕ ಎಲ್ಲೋ ಒಬ್ಬ ನಿವೃತ್ತ ಶಿಕ್ಷಕರಿಂದ ಹಣ ಕಿತ್ತುಕೊಂಡು, ಆ ಹಣದಲ್ಲೇ ಕುಣಿಗಲ್‌ನ ಒಬ್ಬನಿಂದ ಬಿಟ್‌ಕಾಯಿನ್ ಕೊಳ್ಳುತ್ತಾನೆ ಎಂದುಕೊಳ್ಳಿ. ಶಿಕ್ಷಕರು 1930ಕ್ಕೆ ಕರೆ ಮಾಡುತ್ತಾರೆ, ಮಾಡಲೇಬೇಕು. ಪೊಲೀಸರು ಹಣದ ಜಾಡು ಹಿಡಿದು ಹೋಗುತ್ತಾರೆ, ಅದು ಕುಣಿಗಲ್‌ನ ಖಾತೆಯಲ್ಲಿ ನಿಲ್ಲುತ್ತದೆ. ಖಾತೆ ಸ್ತಂಭನವಾಗುತ್ತದೆ. ಹೊರರಾಜ್ಯದ ಠಾಣೆಯಾದರೆ ಅಲ್ಲಿನ ಭಾಷೆಯೂ ಬರದೆ ಅಲೆದಾಟ ಶುರು.

ಹಳ್ಳಿಮನೆಯಲ್ಲಿ ಬಹಳ ಸಲ ಇರುವುದೇ ಒಂದು ಖಾತೆ. ಡೇರಿಯ ಹಾಲಿನ ಬಟವಾಡೆ ಬರುವುದು ಅಲ್ಲಿಗೆ, ರೇಷ್ಮೆಗೂಡು ಮಾರಿದ ದುಡ್ಡು ಬರುವುದು ಅಲ್ಲಿಗೆ. ಮಗ ತಾಯಿಯ ಖಾತೆ ಬಳಸಿದ್ದರೆ ತಿಂಗಳ 2,000 ರೂಪಾಯಿಯ ಗೃಹಲಕ್ಷ್ಮಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. 10,000 ರೂಪಾಯಿಯ ಒಂದು ತಕರಾರಿಗೆ ಇಡೀ ಸಂಸಾರದ ಉಸಿರು ಹಿಡಿಯುವುದು ನ್ಯಾಯವಲ್ಲ. ಪೊಲೀಸರು ಹೇಳಿದ ತಕರಾರಿನ ಮೊತ್ತಕ್ಕಷ್ಟೇ ತಡೆ ಇರಲಿ ಎಂದು 2023ರಲ್ಲೇ ಕೇರಳ ಹೈಕೋರ್ಟ್ ಬ್ಯಾಂಕುಗಳಿಗೆ ಹೇಳಿದೆ. ಸೈಬರ್ ಅಪರಾಧ ನೋಡಿಕೊಳ್ಳುವ ತುಮಕೂರಿನ ಸೆನ್ ಠಾಣೆಯೂ ಇಲ್ಲಿನ ಬ್ಯಾಂಕುಗಳೂ ಅದನ್ನೇ ರೂಢಿ ಮಾಡಿಕೊಳ್ಳಬೇಕು. ಖಾತೆದಾರನಿಗೆ ಯಾವ ಠಾಣೆ, ಯಾವ ದೂರು, ಎಷ್ಟು ಮೊತ್ತ ಎಂಬುದನ್ನು ಅಂದೇ ಕನ್ನಡದಲ್ಲಿ ತಿಳಿಸಬೇಕು.

ವ್ಯಾಪಾರಿಯ ಜವಾಬ್ದಾರಿಯೂ ಕಡಿಮೆಯಲ್ಲ. ವ್ಯಾಪಾರದಲ್ಲಿ ಕಂಡ ಹೆಸರು, ಹಣ ಬಂದ ಖಾತೆಯ ಹೆಸರು ಒಂದೇ ಆಗಿರಬೇಕು. ‘ನನ್ನ ತಮ್ಮನ ಖಾತೆಯಿಂದ ಹಾಕ್ತೀನಿ’ ಎಂದವನ ಹಣ ಒಪ್ಪಲೇಬಾರದು, ಬೆಲೆ ಎಷ್ಟೇ ಚೆನ್ನಾಗಿರಲಿ. ಈ ವ್ಯವಹಾರಕ್ಕೆಂದೇ ಬೇರೆ ಖಾತೆ ಇರಲಿ. ಕಮಿಷನ್ ಆಸೆಗೆ ತನ್ನ ಖಾತೆಯನ್ನು ಬೇರೆಯವರಿಗೆ ಬಿಟ್ಟುಕೊಡುವ ಹುಡುಗರು ವ್ಯಾಪಾರ ಮಾಡುತ್ತಿಲ್ಲ, ಕಳ್ಳಮಾಲಿಗೆ ಗೋದಾಮು ಕೊಡುತ್ತಿದ್ದಾರೆ. ಅವರಿಗೆ ಯಾವ ರಿಯಾಯಿತಿಯೂ ಬೇಡ.

ತೆರಿಗೆಯ ಮಾತು ಇನ್ನಷ್ಟು ಗೋಜಲು. 2022ರ ಏಪ್ರಿಲ್‌ನಿಂದ ಇಂಥ ಆಸ್ತಿಯ ಲಾಭಕ್ಕೆ ಶೇ 30ರ ತೆರಿಗೆ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈಯಿಂದ ಶೇ 1ರ ಟಿಡಿಎಸ್ ಬಂತು. ವಿನಿಮಯ ಕೇಂದ್ರದಲ್ಲಾದರೆ ಕಂಪನಿಯೇ ಕಟ್ಟುತ್ತದೆ. ನೇರ ವ್ಯಾಪಾರದಲ್ಲಿ ಕೊಳ್ಳುವವನೇ ಮುರಿದು, ಮಾರಿದವನ ಪ್ಯಾನ್ ಹಾಕಿ ಸರ್ಕಾರಕ್ಕೆ ಕಟ್ಟಬೇಕು. ಸಂಬಳದಾರರಿಗೆ, ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 50,000 ರೂಪಾಯಿಯವರೆಗೆ ಇದರಿಂದ ಬಿಡುಗಡೆಯಿದೆ. ಬಿಸ್ಕ್ ಗುರುತಿನ ದಾಖಲೆ ಕೇಳದ ತಂತ್ರಾಂಶ, ಕಾನೂನು ಪ್ಯಾನ್ ಕೇಳುತ್ತದೆ. ಪ್ರಾಮಾಣಿಕವಾಗಿ ತೆರಿಗೆ ಕಟ್ಟಬೇಕೆಂದರೂ ಅಪರಿಚಿತ ಎದುರಾಳಿಯಿಂದ ಪ್ಯಾನ್ ಪಡೆಯುವುದು ಹೇಗೆ? ಲಾಭದ ಮೇಲಿನ ತೆರಿಗೆ ಇರಲಿ, ಅದನ್ನು ರಿಟರ್ನ್ಸ್‌ನಲ್ಲಿ ತೋರಿಸಿ ಕಟ್ಟುವುದು ಕರ್ತವ್ಯ. ಆದರೆ ಕೊಳ್ಳುವ ಸಾಮಾನ್ಯನನ್ನೇ ತೆರಿಗೆ ವಸೂಲಿಗಾರನನ್ನಾಗಿ ಮಾಡುವ ಈ ನಿಯಮವನ್ನು ಸಣ್ಣ ವ್ಯಕ್ತಿಗತ ವ್ಯವಹಾರಗಳಿಗೆ ಕೈಬಿಡುವುದೇ ಸರಿ. ಪಾಲಿಸಲು ಆಗದ ನಿಯಮ ಜನರನ್ನು ಮರೆಗೆ ತಳ್ಳುತ್ತದೆ, ಮರೆಯಲ್ಲಿ ವಂಚಕರು ಕಾದಿರುತ್ತಾರೆ.

ಕನ್ನಡದ ಪ್ರಶ್ನೆಯೂ ಒಂದಿದೆ. ಆ ಹನ್ನೆರಡು ಪದಗಳು ಬರುವುದು 2,048 ಪದಗಳ ಒಂದು ಪಟ್ಟಿಯಿಂದ. ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಫ್ರೆಂಚ್ ಮೊದಲಾದ ಭಾಷೆಗಳಲ್ಲಿ ಅದಕ್ಕೆ ಮಾನ್ಯ ಪಟ್ಟಿಗಳಿವೆ. ಭಾರತದ ಒಂದು ಭಾಷೆಯೂ ಅವುಗಳಲ್ಲಿಲ್ಲ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವವರಿದ್ದಾರೆ. ಅದು ಅಪಾಯ. ಇಂಗ್ಲಿಷಿನ ಎರಡು ಅಕ್ಷರಗಳಿಗೆ ನಮ್ಮಲ್ಲಿ ಒಂದೇ ‘ವ’. ಕಾಗುಣಿತ ಹೋದರೆ ಪದ ಹೋಯಿತು, ಪದ ಹೋದರೆ ನಾಣ್ಯ ಹೋಯಿತು. ಸಿದ್ಧಗಂಗಾ ತಾಂತ್ರಿಕ ಕಾಲೇಜಿನ, ತುಮಕೂರು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಗಳು ಒಂದು ಕನ್ನಡ ಪದಪಟ್ಟಿಯನ್ನು ಕಟ್ಟಿದರೆ, ಒತ್ತಕ್ಷರಗಳ ಗೊಂದಲವಿಲ್ಲದ 2,048 ಸರಳ ಪದಗಳನ್ನು ಆರಿಸಿದರೆ, ಅದು ಯುನೊಕಾಯಿನ್ ಹುಟ್ಟಿದ ಊರಿಗೆ ತಕ್ಕ ಕೆಲಸವಾಗುತ್ತದೆ. ಅದಾಗುವವರೆಗೆ ಗುಬ್ಬಿ, ಕುಣಿಗಲ್‌ನ ಪದವಿ ಕಾಲೇಜುಗಳಲ್ಲಿ ಒಂದು ಮಧ್ಯಾಹ್ನದ ತರಗತಿ ಸಾಕು. ನೂರು ರೂಪಾಯಿಯಷ್ಟನ್ನು ವ್ಯಾಲೆಟ್ಟಿಗೆ ಹಾಕಿ, ಪದಗಳನ್ನು ಬರೆದುಕೊಂಡು, ವ್ಯಾಲೆಟ್ ಅಳಿಸಿ, ಬರೆದ ಪದಗಳಿಂದಲೇ ಮತ್ತೆ ತೆರೆದು ನೋಡಲಿ. ತೆರೆಯಿತು ಎಂದಾದ ಮೇಲೆ ದೊಡ್ಡ ಮೊತ್ತದ ಮಾತು.

ಆ ತರಗತಿಯಲ್ಲಿ ಮನೆಯವರ ವಿಷಯಕ್ಕೂ ಹತ್ತು ನಿಮಿಷ ಇಡಬೇಕು. ಬ್ಯಾಂಕ್ ಖಾತೆಗೆ ನಾಮಿನಿ ಇರುತ್ತಾರೆ, ಜಮೀನಿಗೆ ಪೌತಿ ಖಾತೆ ಮಾಡಿಸಬಹುದು. ಸ್ವಂತ ವ್ಯಾಲೆಟ್ಟಿಗೆ ಅಂಥ ಯಾವ ಕಚೇರಿಯೂ ಇಲ್ಲ. ಪದಗಳ ಹಾಳೆ ಒಂದು ಲಕೋಟೆಯಲ್ಲಿ, ನಂಬಿಕೆಯ ಜಾಗದಲ್ಲಿ ಇರಲಿ. ಅಂಥದೊಂದು ಲಕೋಟೆ ಇದೆ, ಅದರ ಫೋಟೊ ತೆಗೆಯಬಾರದು, ಯಾರು ಫೋನ್ ಮಾಡಿ ಕೇಳಿದರೂ ಓದಿ ಹೇಳಬಾರದು ಎಂಬುದನ್ನು ಬೀರುವಿನಲ್ಲಿ ಪಹಣಿ, ವಿಮೆ ಬಾಂಡುಗಳ ಜೊತೆ ಇನ್ನೊಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದಿಡಲಿ. ಆ ಚೀಟಿಯನ್ನು ಹೆಂಡತಿಯೋ ತಾಯಿಯೋ ಒಮ್ಮೆ ಓದಿ, ಅರ್ಥವಾಯಿತೆಂದು ಹೇಳಿದ ಮೇಲೆ ಬೀರುವಿನ ಬಾಗಿಲು ಹಾಕಿದರಾಯಿತು.